ಮಾದರಿ ಪರೀಕ್ಷೆಗೆ ಕಳಚಿದ ಮೂಗುತಿ

ನನ್ನ ಕೈ ಮೊದಲಿನಿಂದಲೂ ಚುರುಕು. ದ್ರಾಕ್ಷಿ ಗೊನೆ ಕತ್ತರಿಸುವುದರಲ್ಲೂ ಚುರುಕು, ಹೊಡೆಯುವುದರಲ್ಲೂ ಚುರುಕು. ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಗಂಡ ಮದುವೆಯಾದ ವಾರದಲ್ಲೇ ಹೇಳಿದ್ದರು. ಇಪ್ಪತ್ತೆರಡು ವರ್ಷ ಕಳೆದರೂ ನನ್ನ ಬಗ್ಗೆ ಹೇಳುವುದಕ್ಕೆ ಅವರಿಗೆ ಬೇರೆ ಮಾತು ಸಿಕ್ಕಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಮುಂದೆ ನನ್ನ ಅಣ್ಣ ಕತ್ತಿ ಹಿಡಿದು ಬರುತ್ತಾನೆ. ಇದನ್ನು ಓದಿದವರು ಅವನೊಬ್ಬನೇ ಕೆಟ್ಟವನು ಎಂದುಕೊಳ್ಳಬಾರದು.

ನಮ್ಮ ಮನೆ ತಮಿಳುನಾಡಿನ ಕಂಬಂ ಪಕ್ಕದ ಊರಿನಲ್ಲಿ, ದ್ರಾಕ್ಷಿ ತೋಟದ ನಡುವೆ. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ನನಗೆ ಒಬ್ಬಳೇ ಮಗಳು. ಅವಳು ವಯಸ್ಸಿಗೆ ಬಂದ ವರ್ಷ ಆಂಡಿಪಟ್ಟಿಯಿಂದ ನನ್ನ ಅಣ್ಣ ಸೀರೆ, ಬಳೆ, ಹಣ್ಣಿನ ತಟ್ಟೆಗಳನ್ನು ಹೊರಿಸಿಕೊಂಡು ಬಂದ. ಜೊತೆಗೆ ಒಂದು ಬಿಳಿ ಕಲ್ಲಿನ ಮೂಗುತಿ. ಅದನ್ನು ಅವನೇ ಅವಳ ಮೂಗಿಗೆ ಇಟ್ಟು ತಿರುಗಣಿ ಬಿಗಿದ. ನಮ್ಮ ವಂಶದಲ್ಲಿ ಸೋದರಮಾವ ಇಟ್ಟ ಮೂಗುತಿ ಎಂದರೆ ಸುಮ್ಮನೆ ಒಡವೆಯಲ್ಲ. ಈ ಹೆಣ್ಣು ನಮ್ಮ ಮನೆಗೆ ಬರುವವಳು ಎಂದು ಮಾವ ಊರಿಗೆಲ್ಲ ಹೇಳಿದ ಮಾತು ಅದು. ಮದುವೆಯ ದಿನ ಅವರ ಮನೆಯವರೇ ಅದನ್ನು ಕಳಚಿ ಬೇರೆಯದನ್ನು ಇಡಬೇಕು. ಅದಕ್ಕೂ ಮೊದಲು ತಾಯಿಯಾದವಳು ಅದಕ್ಕೆ ಕೈ ಹಾಕಿದರೆ, ಹೆಣ್ಣು ಕೊಡುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದ ಹಾಗೆ. ಅಷ್ಟಕ್ಕೇ ಎರಡು ತಲೆಮಾರು ಒಬ್ಬರ ಮನೆಯ ನೀರು ಒಬ್ಬರು ಕುಡಿಯದೆ ಉಳಿದ ಅಣ್ಣತಂಗಿಯರ ಮನೆಗಳು ನಮ್ಮಲ್ಲಿವೆ.

ನನ್ನ ಮೂಗಿಗೂ ನನ್ನ ಸೋದರಮಾವನೇ ಇಟ್ಟದ್ದು. ಹತ್ತನೇ ತರಗತಿಯಲ್ಲಿ ಲೆಕ್ಕದಲ್ಲಿ ಶಾಲೆಗೇ ಮೊದಲು ಬಂದಿದ್ದೆ. ಆ ರಜೆಯಲ್ಲೇ ಮಾವನ ಮಗನ ಜೊತೆ ನನ್ನ ಮದುವೆ ಮಾತಾಯಿತು. ಗಂಡ ಒಳ್ಳೆಯವರು, ಅವರ ಮೇಲೆ ದೂರಿಲ್ಲ. ಆದರೆ ಮಗಳು ಒಂಬತ್ತನೇ ತರಗತಿಯಲ್ಲಿ ಒಂದು ದಿನ ಡಾಕ್ಟರಾಗುತ್ತೇನೆ ಎಂದಾಗ, ಆ ಮಾತು ನನ್ನ ಬಾಯಿಂದಲೇ ಬಂದಂತೆ ಹಿಡಿದುಕೊಂಡುಬಿಟ್ಟೆ. ಅವಳಿಗಿಂತ ಹೆಚ್ಚಾಗಿ ನನಗೇ ಅದು ಬೇಕಾಗಿತ್ತು.

ಮೊದಲ ಸಲ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಹೋದಾಗ ಆ ಮೂಗುತಿಯೇ ಎಡವಟ್ಟು ಮಾಡಿತು. ಒಳಗೆ ಬಿಡುವ ಮುಂಚೆ ಮೈಯೆಲ್ಲ ತಡವಿ ನೋಡುತ್ತಾರಲ್ಲ, ಆ ಸಾಲಿನಲ್ಲಿ ಇದನ್ನು ತೆಗೆ ಎಂದರು. ತಿರುಗಣಿ ನಾಲ್ಕು ವರ್ಷದಿಂದ ಕಚ್ಚಿಕೊಂಡಿತ್ತು, ಬರಲಿಲ್ಲ. ಇವಳೇ ಗಾಬರಿಯಲ್ಲಿ ಜಗ್ಗಿ ಮೂಗು ಕಿತ್ತುಕೊಂಡಳು. ಕೊನೆಗೆ ಮೇಲೊಂದು ಪಟ್ಟಿ ಅಂಟಿಸಿ ಒಳಗೆ ಕಳಿಸಿದರು. ಮೂರು ಗಂಟೆಯೂ ಮೂಗು ಒರೆಸಿಕೊಳ್ಳುತ್ತ ಬರೆದಳಂತೆ, ಉತ್ತರದ ಹಾಳೆಯ ಮೇಲೆ ಒಂದು ಹನಿ ರಕ್ತವೂ ಬಿತ್ತಂತೆ. ಸೀಟು ಸ್ವಲ್ಪದರಲ್ಲಿ ತಪ್ಪಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅಣ್ಣ ಮನೆಗೆ ಬಂದು ಚಾಪೆಯ ಮೇಲೆ ಕೂತು ಖಡಾಖಂಡಿತವಾಗಿ ಹೇಳಿದ.

"ಇನ್ನೊಂದ್ ವರ್ಷ ಓದ್ಲಿ ತಂಗಚ್ಚಿ. ನಾನ್ ತಡ್ಯಾಕಿಲ್ಲ. ಆದ್ರೆ ಮುಂದಿನ್ ಸಲಾನೂ ಸಿಕ್ಲಿಲ್ಲ ಅಂದ್ರೆ ಆಡಿ ಮಾಸ ಕಳ್ದ ಕೂಡ್ಲೆ ಮದ್ವೆ. ನನ್ ಮಗನ್ಗೂ ವಯ್ಸಾಯ್ತು."

ಒಪ್ಪಿದೆ. ಒಪ್ಪದೆ ಏನು ಮಾಡಲಿ? ಜೊತೆಗೆ ಪರೀಕ್ಷೆಗೆ ಮೂಗುತಿ ಕಳಚುವ ಮಾತನ್ನೂ ಎತ್ತಿದೆ. ಅವನು ಚಪ್ಪಲಿ ಮೆಟ್ಟಿ ಹೊರಟುಬಿಟ್ಟ. ಎರಡು ದಿನ ಬಿಟ್ಟು ಫೋನ್ ಮಾಡಿದ. "ಪರೀಚ್ಚೆ ಹಿಂದಿನ್ ದಿನ ನಾನೇ ಬತ್ತೀನಿ. ಎಲೆ ಅಡ್ಕೆ ಕಾಯಿ ಇಟ್ಟು, ನಾನ್ ಇಟ್ಟದ್ದನ್ನ ನಾನೇ ಕಳಚ್ತೀನಿ. ಮಾರ್ನೇ ದಿನ ನಾನೇ ಇಡ್ತೀನಿ," ಎಂದ. ಅವನಂಥವನ ಬಾಯಲ್ಲಿ ಇಷ್ಟು ಬಂದದ್ದೇ ದೊಡ್ಡದು. ನುಗ್ಗೆಕಾಯಿ ವ್ಯಾಪಾರದಲ್ಲಿ ಒಂದು ಕಟ್ಟು ಹೆಚ್ಚು ಕೊಟ್ಟವನಲ್ಲ ಅವನು.

ಆ ಒಂದು ವರ್ಷ ಮಗಳು ಮನೆಯಲ್ಲೇ ಇದ್ದು ದಿಂಡಿಗಲ್ಲಿನ ಒಂದು ತರಬೇತಿ ಕೇಂದ್ರದ ಪಾಠಗಳನ್ನು ಮೊಬೈಲಿನಲ್ಲಿ ಕೇಳಿದಳು. ಮಿಕ್ಕಿದ್ದನ್ನು ನಾನು ನೋಡಿಕೊಂಡೆ. ಪ್ರತಿ ಭಾನುವಾರ ದ್ರಾಕ್ಷಿ ಚಪ್ಪರದ ಕೆಳಗೆ ಮೇಜು ಹಾಕಿ, ನಿಜವಾದ ಪರೀಕ್ಷೆ ನಡೆಯುವ ಹೊತ್ತಿಗೆ ಸರಿಯಾಗಿ ಎರಡು ಗಂಟೆಗೆ ಕೂರಿಸುತ್ತಿದ್ದೆ. ನೀರಿಗೂ ಏಳುವಂತಿಲ್ಲ, ಸೊಳ್ಳೆ ಕಚ್ಚಿದರೂ ಕೆರೆಯುವಂತಿಲ್ಲ. ಭೌತಶಾಸ್ತ್ರ ನನಗೆ ಒಂದಕ್ಷರ ಬರುವುದಿಲ್ಲ, ಆದರೆ ಮಾದರಿ ಪ್ರಶ್ನೆಗಳ ಪುಸ್ತಕದ ಹಿಂದುಗಡೆ ಅಚ್ಚಾಗಿರುವ ಸರಿಯುತ್ತರಗಳ ಪಟ್ಟಿ ನೋಡಿ ತಾಳೆ ಹಾಕುವುದಕ್ಕೆ ಶಾಸ್ತ್ರ ಬೇಕೆ?

ತಪ್ಪು ಉತ್ತರಕ್ಕೆ ಪರೀಕ್ಷೆಯಲ್ಲಿ ಒಂದು ಅಂಕ ಕಳೆಯುತ್ತಾರೆ. ನಾನು ಒಂದು ಏಟು ಕೂಡಿಸಿದೆ. ತೋಟಕ್ಕೆ ಹನಿ ನೀರು ಬಿಡುವ ಕರಿ ಪೈಪಿನ ಒಂದು ಮೊಳ ತುಂಡು ಚಪ್ಪರದ ಕಂಬಕ್ಕೆ ಸಿಕ್ಕಿಸಿತ್ತು. ತಪ್ಪಿಗೊಂದು. ಇಪ್ಪತ್ತು ತಪ್ಪಿದ್ದರೆ ಇಪ್ಪತ್ತು. ಮೊದಮೊದಲು ಅವಳು ಅಳುತ್ತಿದ್ದಳು, ಆಮೇಲೆ ಹಾಳೆ ಕೊಟ್ಟು ತಾನೇ ಕೈ ಮುಂದೆ ಚಾಚಿ ನಿಲ್ಲುತ್ತಿದ್ದಳು. ಅದನ್ನು ಕಂಡು ನನಗೆ ಇನ್ನೂ ರೇಗುತ್ತಿತ್ತು. ಕೊಬ್ಬು ನೋಡು ಎಂದು ಇನ್ನೆರಡು ಕೊಡುತ್ತಿದ್ದೆ.

ಕೆಲವು ವಾರದಲ್ಲಿ ತಪ್ಪುಗಳು ಕಡಿಮೆಯಾದವು. ನಾನು ಗೆದ್ದೆ ಎಂದುಕೊಂಡೆ. ಅಂಕ ಕೂಡಿಸಿದರೆ ಅದೂ ಕಡಿಮೆಯಾಗಿತ್ತು. ಏನಿದು ಮಾಯ ಎಂದು ಹಾಳೆ ತಿರುಗಿಸಿ ನೋಡಿದೆ. ಹುಡುಗಿ ಚೂರು ಅನುಮಾನ ಬಂದ ಪ್ರಶ್ನೆಗಳನ್ನೆಲ್ಲ ಹಾಗೇ ಖಾಲಿ ಬಿಟ್ಟಿದ್ದಳು. ಬರೆಯದಿದ್ದರೆ ಅಂಕವೂ ಇಲ್ಲ, ಏಟೂ ಇಲ್ಲ. ನನ್ನ ಲೆಕ್ಕವನ್ನು ನನಗಿಂತ ಚೆನ್ನಾಗಿ ಕಲಿತಿದ್ದಳು. ಅವತ್ತು ಖಾಲಿ ಬಿಟ್ಟದ್ದಕ್ಕೆ ಎರಡೆರಡು ಕೊಟ್ಟೆ.

"ಸಾಕು ಬುಡೆ, ಕೂಸು ಸತ್ತೋಗ್ತದೆ," ಎಂದರು ಗಂಡ.

"ನೀವು ಸುಮ್ಕಿರಿ. ನಿಮ್ ಅಪ್ಪ ನನ್ ಮೂಗ್ಗೆ ಇಟ್ಟಾಗ ಯಾರ್ ಬಂದ್ರು ಸಾಕು ಅನ್ನೋಕೆ?" ಎಂದೆ. ಅವರು ಪಂಪ್‌ಸೆಟ್ ಮನೆಯ ಕಡೆಗೆ ನಡೆದುಬಿಟ್ಟರು. ಯಾವ ಜಗಳ ಬಂದರೂ ಅವರಿಗೆ ಮೋಟಾರು ಕೆಡುತ್ತದೆ.

ನಿಜವಾದ ಪರೀಕ್ಷೆಗೆ ಎರಡು ವಾರ ಇರುವಾಗ ಕೇಂದ್ರದವರು ಒಂದು ಕಾಗದ ಕಳಿಸಿದರು. ಭಾನುವಾರ ದಿಂಡಿಗಲ್ಲಿನಲ್ಲಿ ಮಾದರಿ ಪರೀಕ್ಷೆ. ಎಲ್ಲವೂ ನಿಜವಾದ ದಿನದ ಹಾಗೆಯೇ. ಅರ್ಧ ತೋಳಿನ ತೆಳು ಬಟ್ಟೆ, ಕಾಲಿಗೆ ಚಪ್ಪಲಿ, ಒಳಗಿನದು ಕಾಣುವಂಥ ನೀರಿನ ಬಾಟಲಿ, ಫೋಟೋ, ಗುರುತಿನ ಚೀಟಿ. ಮೈಮೇಲೆ ಯಾವ ಒಡವೆಯೂ ಇರಬಾರದು. ಒಂದೂವರೆಗೆ ಗೇಟು ಮುಚ್ಚಿದರೆ ಐದೂ ಇಪ್ಪತ್ತರವರೆಗೆ ಯಾರು ಬಂದರೂ ತೆರೆಯುವುದಿಲ್ಲ. ಆ ಕಾಗದವನ್ನು ಮಂತ್ರದಂತೆ ಓದಿದೆ. ಹೋದ ಸಲ ಕೆಟ್ಟದ್ದೇ ಇಂಥದ್ದರಲ್ಲಿ, ಈ ಸಲ ಒಂದಿಷ್ಟೂ ಹೆಚ್ಚುಕಡಿಮೆ ಆಗಬಾರದು ಎಂದು ಹಲ್ಲು ಕಚ್ಚಿಕೊಂಡೆ.

ಭಾನುವಾರ ಬೆಳಿಗ್ಗೆ ಅವಳ ಚೂಡಿದಾರಗಳನ್ನೆಲ್ಲ ಮಂಚದ ಮೇಲೆ ಹರಡಿದೆ. ಎಲ್ಲಕ್ಕೂ ಉದ್ದ ತೋಳು. ಒಂದು ವರ್ಷದಿಂದ ಅವಳು ಉದ್ದ ತೋಳಿನದನ್ನೇ ಹೊಲಿಸಿಕೊಳ್ಳುತ್ತಿದ್ದಳು, ಬಿಸಿಲಿಗೆ ಎಂದು ನಾನು ತಿಳಿದಿದ್ದೆ. ತಿಳಿ ನೀಲಿಯದನ್ನು ಹಾಕಿಸಿ, ನಿಂತಲ್ಲೇ ನಿಲ್ಲಿಸಿ, ಕತ್ತರಿಯಿಂದ ಎರಡೂ ತೋಳನ್ನು ಮೊಣಕೈ ಮೇಲಕ್ಕೆ ಕತ್ತರಿಸಿದೆ. ಎರಡೂ ಕಡೆ ಸಮನಾಗಿ ಬಂತೋ ಇಲ್ಲವೋ ಎಂದು ಸೂಕ್ಷ್ಮವಾಗಿ ನೋಡಿದೆ. ಅಷ್ಟೇ ನೋಡಿದ್ದು.

ಆಮೇಲೆ ಇಕ್ಕಳ ತಂದೆ.

"ಅಮ್ಮಾ, ಮಾಮನ್ ಕೇಳ್ದ್ಯಾ?" ಎಂದಳು.

"ಮಾಮ ಒಪ್ಪವ್ನೆ."

"ಅದು ನಿಜವಾದ್ದಕ್ಕೆ."

"ಅಲ್ಲೂ ಇದೇ ಮೂಗು, ಇಲ್ಲೂ ಇದೇ ಮೂಗು. ಬಾಯ್ ಮುಚ್ಕೊಂಡು ನಿಂತ್ಕೋ."

ಗಂಡ ಬಾಗಿಲಲ್ಲಿ ನಿಂತು, "ಬ್ಯಾಡ ಕಣೆ, ಒಂದ್ ಫೋನಾರ ಮಾಡು ನಿಮ್ಮಣ್ಣನ್ಗೆ," ಎಂದರು. ಅಣ್ಣ ಆ ಹೊತ್ತಿಗೆ ಒಡ್ಡನ್‌ಛತ್ರಂ ಮಂಡಿಯಲ್ಲಿರುತ್ತಾನೆ, ನುಗ್ಗೆ ಹರಾಜಿನ ನಡುವೆ ಫೋನು ಎತ್ತುವುದಿಲ್ಲ. ಎತ್ತಿದರೂ ಬೇಡ ಎನ್ನುತ್ತಾನೆ. ಬೇಡ ಎನ್ನುತ್ತಾನೆ ಎಂದು ಗೊತ್ತಿದ್ದೇ ನಾನು ಫೋನು ಮಾಡಲಿಲ್ಲ. ಇದು ನಿಜ, ಈಗ ಮುಚ್ಚಿಟ್ಟು ಏನು ಮಾಡಲಿ?

ತಿರುಗಣಿಗೆ ಎಣ್ಣೆ ಬಿಟ್ಟು ಇಕ್ಕಳದಿಂದ ಹಿಡಿದು ತಿರುವಿದೆ. ಅಲ್ಲಾಡಲಿಲ್ಲ. ಅವಳು ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು, ಮೊಣಕೈಯಿಂದ ತಳ್ಳಿದೆ. ಮತ್ತೆ ತಿರುವಿದೆ. ಅವಳ ತಲೆಯನ್ನು ಗೋಡೆಗೆ ಒತ್ತಿ ಹಿಡಿದು ಇನ್ನೊಮ್ಮೆ ತಿರುವಿದಾಗ ಏನೋ ಕಿತ್ತಂತಾಗಿ ಕಲ್ಲು ನನ್ನ ಅಂಗೈಗೆ ಬಂತು. ಮೂಗಿನಿಂದ ರಕ್ತ ಇಳಿದು ತುಟಿ ದಾಟಿ ನೀಲಿ ಬಟ್ಟೆಯ ಕೊರಳಿಗೆ ಬಿತ್ತು. "ಅಯ್ಯೋ, ಬಟ್ಟೆ!" ಎಂದು ಕೂಗಿದೆ. ನನ್ನ ಬಾಯಿಂದ ಬಂದ ಮೊದಲ ಮಾತು ಅದೇ. ಸಿಟ್ಟಿನಲ್ಲಿ ಕುಯ್ದ ಮೂಗು ಶಾಂತಿಯಾದ ಮೇಲೆ ಬಂದೀತೇ ಎಂದು ನಮ್ಮಜ್ಜಿ ನನಗೆ ಎಷ್ಟು ಸಲ ಹೇಳಿದ್ದಳೋ. ಅಜ್ಜಿಯ ಮಾತು ಕೇಳಿದ್ದರೆ ನಾನು ನಾನಾಗಿರುತ್ತಿರಲಿಲ್ಲ.

ಅರಿಸಿನ ಒತ್ತಿ, ಕೊರಳನ್ನು ನೀರಿನಿಂದ ಒರೆಸಿ, ಮೂಗುತಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟೆವು. ಕಂಬಂನಿಂದ ತೇನಿಗೆ ಒಂದು ಬಸ್ಸು, ತೇನಿಯಿಂದ ದಿಂಡಿಗಲ್ಲಿಗೆ ಇನ್ನೊಂದು. ತೇನಿಯ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಅತ್ತಿಗೆ, ಅಣ್ಣನ ಹೆಂಡತಿ, ಎದುರಿಗೇ ಸಿಕ್ಕಳು. ಆಂಡಿಪಟ್ಟಿಯಿಂದ ಏನೋ ಕೊಳ್ಳಲು ಬಂದಿದ್ದಳು. ಎಲ್ಲಿಗೆ, ಯಾವ ಪರೀಕ್ಷೆ ಎಂದು ವಿಚಾರಿಸುತ್ತ ಹುಡುಗಿಯ ಮುಖ ನೋಡಿದಳು. "ಚೆನ್ನಾಗ್ ಬರಿ ಕೂಸೆ," ಎಂದು ಅವಳ ಗಲ್ಲ ಸವರಿ ಹೊರಟುಹೋದಳು. ಗಮನಿಸಲಿಲ್ಲ, ಬಚಾವಾದೆ ಎಂದುಕೊಂಡೆ. ಗಮನಿಸದಿರಲು ಅವಳೇನು ಕುರುಡಿಯೇ?

ದಿಂಡಿಗಲ್ಲಿನಲ್ಲಿ ಕೇಂದ್ರದ ಮುಂದೆ ಜಾತ್ರೆಯಂತೆ ಅಪ್ಪ ಅಮ್ಮಂದಿರು. ಮೈ ತಡವುವ ಹೆಂಗಸು ಮಗಳ ಕೈಗಳನ್ನು ಎರಡೂ ಕಡೆ ಚಾಚಿಸಿ ಲೋಹ ಹುಡುಕುವ ಯಂತ್ರ ಆಡಿಸಿದಳು. ಯಂತ್ರ ಕೂಗಲಿಲ್ಲ. ಅವಳು ಮಗಳ ತೋಳುಗಳನ್ನೇ ನೋಡುತ್ತ ನಿಂತಳು, ಆಮೇಲೆ ಅಡ್ಡ ಕಟ್ಟಿದ್ದ ಹಗ್ಗದ ಈಚೆ ನಿಂತಿದ್ದ ನನ್ನನ್ನು ನೋಡಿದಳು. ಕಾಗದದಲ್ಲಿ ಹೇಳಿದ ಹಾಗೇ ಕಳಿಸಿದ್ದಾಳೆ ಈ ತಾಯಿ ಎಂದು ಮೆಚ್ಚಿಕೊಂಡಳೇನೋ ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಮೂಗಿನ ಗಾಯ ತೋರಿಸಿ ತಮಿಳಿನಲ್ಲಿ, "ಇಷ್ಟಕ್ಕೆ ಯಾಕಮ್ಮ, ಮೇಲೊಂದು ಪಟ್ಟಿ ಅಂಟಿಸಿದ್ದರೆ ಸಾಕಾಗಿತ್ತು. ಇವತ್ತು ಬರೀ ಅಭ್ಯಾಸ ತಾನೆ?" ಎಂದಳು. ಒಂದೂವರೆಗೆ ಗೇಟು ಮುಚ್ಚಿತು.

ಮೂರು ಗಂಟೆಗೆ ಅಣ್ಣನ ಜೀಪು ಬಂತು. ಹಿಂದುಗಡೆ ಇನ್ನೂ ನುಗ್ಗೆಕಾಯಿಯ ಕಟ್ಟುಗಳಿದ್ದವು. ಸುದ್ದಿ ಕೇಳಿದವನೇ ಮಂಡಿಯಿಂದ ಹಾಗೇ ಎದ್ದು ಬಂದಿದ್ದ. ಇಳಿದವನ ಕೈಯಲ್ಲಿ ಕಟ್ಟಿನ ಹಗ್ಗ ಕೊಯ್ಯುವ ಬಾಗು ಕತ್ತಿ.

"ಎಲ್ಲೆ ಅವಳು?"

"ಒಳಗವ್ಳೆ. ಬರಿತಾವ್ಳೆ. ಅಣ್ಣ, ಮೊದ್ಲು ಕತ್ತಿ ಒಳಗಿಡು."

"ನಿಜವಾದ್ದಕ್ಕೆ ಅಂದಿದ್ದೆ ನಾನು! ಆಟಕ್ಕಲ್ಲ! ಆಟದ್ ಪರೀಚ್ಚೆಗೆ ನನ್ ಮೂಕುತ್ತಿ ಕಿತ್ತ್ಯಾ? ತೇನಿ ಬಸ್‌ಸ್ಟ್ಯಾಂಡಲ್ಲಿ ಬೋಳ್ ಮೂಗಲ್ಲಿ ಮೆರಸ್ದ್ಯಾ ಅವಳ್ನ? ನನ್ ಹೆಂಡ್ತಿ ಕಣ್ಣಾರೆ ನೋಡವ್ಳೆ!"

ಅವನು ಗೇಟಿನ ಬೀಗಕ್ಕೆ ಕತ್ತಿಯ ಹಿಂಬದಿಯಿಂದ ಹೊಡೆದ. ಕಬ್ಬಿಣ ಠಣ್ಣೆಂದಿತು. ಅಪ್ಪ ಅಮ್ಮಂದಿರು ಛತ್ರಿ ಮಡಚಿ ದೂರ ಸರಿದರು, ಇಬ್ಬರು ಮೊಬೈಲು ಎತ್ತಿದರು. ಇನ್ನೊಂದು ಏಟಿಗೆ ಅವನು ಕೈ ಎತ್ತುವಷ್ಟರಲ್ಲಿ ನಾನು ಗೇಟಿಗೆ ಬೆನ್ನು ಕೊಟ್ಟು ನಿಂತೆ.

"ಸರ್ಕೊ ಆಚೆ."

"ನನ್ನ ಕಡ್ದು ಹೋಗು ಒಳಕ್ಕೆ. ಅವಳ್ ಮೂರ್ ಗಂಟೆ ಬರೀಬೇಕು. ಅದಕ್ ಮೊದ್ಲು ನಿನ್ ಕೈಗೆ ಕೊಡಾಕಿಲ್ಲ."

ಅವನು ಕತ್ತಿ ಬೀಸಿದ. ನನ್ನ ತಲೆಯ ಪಕ್ಕದಲ್ಲಿ ಗೇಟಿಗೆ ಕಟ್ಟಿದ್ದ, ಕೇಂದ್ರದ ಹೆಸರಿನ ಮರದ ಫಲಕಕ್ಕೆ ಅದು ಕಚ್ಚಿಕೊಂಡಿತು. ನನ್ನನ್ನು ಕಡಿಯಲಿಕ್ಕೆ ಬೀಸಿದ್ದನೋ ಫಲಕಕ್ಕೇ ಬೀಸಿದ್ದನೋ, ಇವತ್ತಿಗೂ ಅವನನ್ನು ಕೇಳಿಲ್ಲ. ಕತ್ತಿ ಕೀಳಲು ಬರದಾಗ ಬರಿಗೈಯಿಂದ ನನ್ನ ಕಪಾಳಕ್ಕೆ ಬಾರಿಸಿದ. ಒಂದು ಕಿವಿ ಗುಯ್ ಎಂದು ಮುಚ್ಚಿಹೋಯಿತು. ಜಡೆ ಹಿಡಿದು ಎಳೆದು ಗೇಟಿನಿಂದ ಬಿಡಿಸಲು ನೋಡಿದ. ನಾನು ಅವನ ಮುಂಗೈಗೆ ಕಚ್ಚಿದೆ, ಬಿಡಲಿಲ್ಲ, ಬಾಯಿಗೆ ಉಪ್ಪು ಬರುವವರೆಗೂ ಕಚ್ಚಿದೆ. ಕೈಯಲ್ಲಿ ಊಟದ ಕ್ಯಾರಿಯರ್ ಇತ್ತು, ಸ್ಟೀಲಿನದು, ಮೂರು ಡಬ್ಬಿಯದು. ಅದನ್ನು ಎತ್ತಿ ಅವನ ಮುಖಕ್ಕೆ ಬೀಸಿದೆ. ಹುಬ್ಬು ಒಡೆಯಿತು. ಚಿತ್ರಾನ್ನ ರಸ್ತೆಯ ತುಂಬ ಚೆಲ್ಲಿತು. ಅವನು ಎರಡು ಹೆಜ್ಜೆ ಹಿಂದೆ ಹೋಗಿ ಕೂತುಬಿಟ್ಟ. ಮೂಳೆಗೆ ಸ್ಟೀಲು ತಾಗಿದ ಆ ಸದ್ದು ಕೇಳಿ ನನಗೆ ಸಂತೋಷವಾಯಿತು. ಸುಳ್ಳು ಹೇಳಲಾರೆ, ಆ ಗಳಿಗೆಯಲ್ಲಿ ತುಂಬ ಸಂತೋಷವಾಯಿತು.

ಅಷ್ಟರಲ್ಲಿ ಒಳಗಿನಿಂದ ಕೇಂದ್ರದ ಮೇಲ್ವಿಚಾರಕರು ಓಡಿ ಬಂದರು. ಕಂಬಿಗಳ ಆಚೆ ನಿಂತು, "ದಯವಿಟ್ಟು ಸದ್ದು ಮಾಡಬೇಡಿ, ಮಕ್ಕಳು ಬರೆಯುತ್ತಿದ್ದಾರೆ," ಎಂದು ಕೈಮುಗಿದರು. ಗೇಟು ತೆಗೆಯಿರಿ ಎಂದು ಅಣ್ಣ ಕೂತಲ್ಲಿಂದಲೇ ಗದರಿದ. "ಐದೂ ಇಪ್ಪತ್ತರವರೆಗೆ ತೆಗೆಯುವುದಿಲ್ಲ ಸಾರ್. ನಿಜವಾದ ದಿನವೂ ತೆಗೆಯುವುದಿಲ್ಲ," ಎಂದರು ಆತ. ಆ ಮಾತಿಗೆ ಅಣ್ಣ ಸುಮ್ಮನಾದದ್ದು ನನಗೆ ಈಗಲೂ ಆಶ್ಚರ್ಯ. ಪೊಲೀಸರನ್ನು ಕರೆಯಿರಿ ಎಂದು ಯಾರೋ ಅಂದರು. ಅಣ್ಣ ತಂಗಿ ಜಗಳ ಬಿಡಿ ಎಂದು ಇನ್ಯಾರೋ ಅಂದರು. ಕಾವಲುಗಾರ ಕತ್ತಿಯನ್ನು ಕಿತ್ತು ಒಳಗೆ ಇಟ್ಟುಕೊಂಡ.

ಎರಡು ಗಂಟೆ ಕಾಲ ಕಾದೆವು. ಅವನು ಬೇವಿನ ಮರದ ಕೆಳಗೆ, ನಾನು ಗೇಟಿನ ಕಟ್ಟೆಯ ಮೇಲೆ. ನಡುವೆ ಒಂದು ನಾಯಿ ನನ್ನ ಚಿತ್ರಾನ್ನ ತಿನ್ನುತ್ತಿತ್ತು. ಅವನ ಹುಬ್ಬಿನಿಂದ ರಕ್ತ ಕಣ್ಣಿಗೆ ಇಳಿಯುತ್ತಲೇ ಇತ್ತು. ನೋಡಲಾರದೆ ನನ್ನ ಟವೆಲು ಎಸೆದೆ. ಹಿಡಿದು ಒತ್ತಿಕೊಂಡ.

"ನನ್ ಮಗ ಬ್ಯಾಡ ನಿಂಗೆ. ಹಂಗಂತ ಬಾಯ್ಬಿಟ್ಟು ಹೇಳು," ಎಂದ.

"ಬ್ಯಾಡ," ಎಂದೆ. ಐದು ವರ್ಷದಿಂದ ನುಂಗಿಕೊಂಡಿದ್ದ ಮಾತು, ಬಂದುಬಿಟ್ಟಿತು. "ಹುಡ್ಗ ಒಳ್ಳೆವ್ನೆ. ಆದ್ರೆ ಬ್ಯಾಡ. ಅವಳ್ ಡಾಕ್ಟ್ರಾಗ್ಬೇಕು."

"ಸರಿ. ಗೇಟ್ ತೆಗೀಲಿ, ನಾನ್ ಅವಳ್ನ ಕರ್ಕೊಂಡ್ ಹೋಗ್ತೀನಿ. ಬರೋ ಮುಹೂರ್ತದಲ್ಲೇ ತಾಳಿ. ಯಾವ್ ಡಾಕ್ಟ್ರು ಅಡ್ಡ ಬತ್ತಾನೋ ನೋಡ್ತೀನಿ."

ಅವನು ಹೇಳಿದ್ದನ್ನು ಮಾಡುವವನು. ನಾನು ಕ್ಯಾರಿಯರನ್ನು ಮತ್ತೆ ಕೈಗೆ ತೆಗೆದುಕೊಂಡೆ. ಈ ಸಲ ಹುಬ್ಬಿಗಲ್ಲ, ತಲೆಗೇ ಹೊಡೆಯುತ್ತೇನೆ ಎಂದು ನಿರ್ಧಾರ ಮಾಡಿ ಕೂತೆ.

ಗೇಟು ತೆರೆಯಿತು. ಮಕ್ಕಳ ನಡುವೆ ಮಗಳು ಬಂದಳು. ಫಲಕದ ಸೀಳು, ಮಾಮನ ರಕ್ತ, ನನ್ನ ಬಿಚ್ಚಿದ ಜಡೆ, ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಅಳಲಿಲ್ಲ.

"ಬಾರೆ," ಎಂದು ಅಣ್ಣ ಎದ್ದು ಬಂದು ಅವಳ ತೋಳಿಗೆ ಕೈ ಹಾಕಿದ. ಅವಳು ಹಲ್ಲಿನ ನಡುವೆ ಉಸಿರೆಳೆದುಕೊಂಡಳು. ಅವನು ಗಟ್ಟಿಯಾಗೇನೂ ಹಿಡಿದಿರಲಿಲ್ಲ. ಯಾಕೆ ಹೀಗೆ ಎಂದು ಕೈ ತೆಗೆದು ನೋಡಿದ.

ನಾನೂ ನೋಡಿದೆ. ಬೆಳಿಗ್ಗೆ ನಾನೇ ಕತ್ತರಿಸಿದ ತೋಳಿನ ಕೆಳಗೆ, ಮೊಣಕೈಯಿಂದ ಮಣಿಕಟ್ಟಿನವರೆಗೆ, ಗೆರೆ ಗೆರೆ. ಕೆಲವು ಕೆಂಪು, ಕೆಲವು ನೀಲಿ, ಹಳೆಯವು ಹಳದಿ. ಒಂದು ಕಡೆ ಚರ್ಮ ಒಡೆದು ಒಣಗಿತ್ತು. ಬಸ್ಸಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಆ ಸಾಲಿನಲ್ಲಿ, ದಿನವಿಡೀ ಅವಳು ಹೀಗೇ ಓಡಾಡಿದ್ದಳು. ಎಲ್ಲರೂ ನೋಡಿದ್ದರು. ನಾನೊಬ್ಬಳೇ ನೋಡಿರಲಿಲ್ಲ.

ಅಣ್ಣ ಇನ್ನೊಂದು ಕೈಯನ್ನೂ ತಿರುಗಿಸಿ ನೋಡಿದ. ಅವನ ದನಿ ಬಿದ್ದುಹೋಗಿತ್ತು.

"ಏನ್ ಕೂಸೆ ಇದು? ಯಾರ್ ಹೊಡ್ದದ್ದು?"

ಅವಳು ನನ್ನ ಕಡೆ ನೋಡಲಿಲ್ಲ. "ತಪ್ಪಿಗೊಂದು, ಮಾಮ," ಎಂದಳು. ಪರೀಕ್ಷೆಯ ನಿಯಮ ಹೇಳುವಂತೆ ಅಷ್ಟು ಸಲೀಸಾಗಿ ಹೇಳಿದಳು.

ಸುತ್ತ ನಿಂತಿದ್ದ ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ಪಕ್ಕಕ್ಕೆ ಎಳೆದುಕೊಂಡರು, ಅಣ್ಣನಿಂದಲ್ಲ, ನನ್ನಿಂದ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ಮೂಕುತ್ತಿಗೆ ಅಂತ ಬಂದೆ ನಾನು," ಎಂದ ಅಣ್ಣ. ನನಗೆ ಹೇಳಿದನೋ ತನಗೇ ಹೇಳಿಕೊಂಡನೋ. "ಥೂ."

"ಮಾಮ, ನಾನ್ ಪರೀಚ್ಚೆ ಬರಿತೀನಿ," ಎಂದಳು ಮಗಳು. "ಆದ್ರೆ ಅಮ್ಮನ್ ಕೂಡೆ ಹೋಗಾಕಿಲ್ಲ. ಎರಡ್ ವಾರ ನಿಮ್ ಮನೇಲಿ ಇರ್ತೀನಿ. ಮದ್ವೆಗಲ್ಲ. ಓದೋಕೆ."

ಅವನು ಟವೆಲನ್ನು ಹುಬ್ಬಿಗೆ ಒತ್ತಿಕೊಂಡು ಹೋಗಿ ಜೀಪಿನ ಬಾಗಿಲು ತೆರೆದ. ಐದು ವರ್ಷ ಊರೂರಿಗೆ ಹೇಳಿಕೊಂಡು ಬಂದ ಸಂಬಂಧ ಅದು. "ಹತ್ತು ಜೀಪ್ಗೆ," ಎಂದ. "ಓದು. ಸೀಟ್ ಸಿಕ್ಲಿ, ಸಿಕ್ದೆ ಹೋಗ್ಲಿ, ನನ್ ಮಗನ್ಗೆ ಬೇರೆ ಹೆಣ್ ನೋಡ್ತೀನಿ. ಮಾತ್ ಕೊಟ್ಟೆ."

ಸೆರಗಿನ ಗಂಟು ಬಿಚ್ಚಿ ಮೂಗುತಿಯನ್ನು ಅವನ ಮುಂದೆ ಹಿಡಿದೆ. ಅದನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ನಾನು ಯಾವುದಕ್ಕೆ ಬಡಿದಾಡಿದ್ದೆನೋ ಅದೆಲ್ಲ ನನಗೆ ಸಿಕ್ಕಿತ್ತು: ಮದುವೆ ತಪ್ಪಿತು, ಪರೀಕ್ಷೆ ಉಳಿಯಿತು. ಜೀಪು ನುಗ್ಗೆಕಾಯಿಯ ಜೊತೆ ನನ್ನ ಮಗಳನ್ನೂ ಕರೆದುಕೊಂಡು ಹೊರಟಿತು. ಒಬ್ಬಳೇ ಎರಡು ಬಸ್ಸು ಹತ್ತಿ ಮನೆಗೆ ಬಂದೆ.

ಸೀಟು ಸಿಕ್ಕಿತು. ಈಗ ಎರಡನೇ ವರ್ಷ. ಅಣ್ಣನ ಮನೆಯಲ್ಲಿದ್ದ ಎರಡು ವಾರ ಅತ್ತಿಗೆ ಅವಳ ತೋಳಿಗೆ ಬೇವಿನೆಣ್ಣೆ ಹಚ್ಚಿದಳಂತೆ. ಅಣ್ಣ ನುಗ್ಗೆ ಗೋದಾಮಿನ ಕೋಣೆಯನ್ನು ಖಾಲಿ ಮಾಡಿಸಿ, ಫ್ಯಾನು ಹಾಕಿಸಿ, ಬಾಗಿಲ ಬಳಿ ಯಾರೂ ಕೆಮ್ಮದ ಹಾಗೆ ನೋಡಿಕೊಂಡನಂತೆ. ಇವೆಲ್ಲ ಗಂಡನ ಬಾಯಿಂದ ಕೇಳಿದ್ದು. ಅವರ್ಯಾರೂ ನನ್ನ ಜೊತೆ ಮಾತಾಡುತ್ತಿರಲಿಲ್ಲ. ಚಪ್ಪರದ ಕಂಬದ ಪೈಪನ್ನು ನಾನೇ ಒಲೆಗೆ ಹಾಕಿದೆ. ಮನೆಯೆಲ್ಲ ಕೆಟ್ಟ ಹೊಗೆ ತುಂಬಿತು.

ನಿಜವಾದ ಪರೀಕ್ಷೆಯ ದಿನ ಬರಬೇಡ ಎಂದು ಯಾರೂ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಹೋದೆ. ರಸ್ತೆಯ ಆಚೆ ಬದಿಯಲ್ಲಿ ಒಂದು ಟೀ ಅಂಗಡಿಯ ನೆರಳಲ್ಲಿ ಮಧ್ಯಾಹ್ನವೆಲ್ಲ ನಿಂತೆ. ಅಣ್ಣ ಹುಬ್ಬಿನ ಮೇಲೆ ಹೊಲಿಗೆಯ ಗುರುತು ಹೊತ್ತು ಗೇಟಿನ ಬಳಿ ನಿಂತಿದ್ದ, ನನ್ನನ್ನು ನೋಡಿಯೂ ನೋಡದ ಹಾಗೆ. ಐದೂ ಇಪ್ಪತ್ತಕ್ಕೆ ಮಕ್ಕಳು ಹೊರಗೆ ಬಂದರು. ಅವಳನ್ನು ಕಂಡೊಡನೆ ಕಾಲು ನಿಲ್ಲಲಿಲ್ಲ, ರಸ್ತೆ ದಾಟಿ ಓಡಿದೆ. ಮುಖವೆಲ್ಲ ಬೆವರು, ಹಣೆಗೆ ಕೂದಲು ಅಂಟಿಕೊಂಡಿತ್ತು. ಒರೆಸೋಣ ಎಂದು ಸೆರಗು ಹಿಡಿದು ಕೈ ಎತ್ತಿದೆ.

ಅವಳು ಎರಡೂ ಕೈಗಳನ್ನು ಮುಖಕ್ಕೆ ಅಡ್ಡ ಹಿಡಿದು ಅಲ್ಲೇ ಕುಗ್ಗಿ ಕೂತಳು.

"ಹೊಡೀಬ್ಯಾಡಮ್ಮ," ಎಂದಳು, ಅಷ್ಟು ಜನರ ನಡುವೆ. "ಎಲ್ಲಾ ಬರ್ದಿದೀನಿ. ಒಂದೂ ಖಾಲಿ ಬುಟ್ಟಿಲ್ಲ."